ಆಕರಸಂಗ್ರಹದ ಗಣಕಸಾಧನಗಳು: ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಒಂದು ಪರಾಮರ್ಶೆ

ಗ್ರಂಥಸಂಪಾದನೆಯಲ್ಲಿ ತೊಡಗಿದವರ ಮನೆಗಳಲ್ಲಿ ಚೀಟಿಗಳ ಪೆಟ್ಟಿಗೆಯೊಂದು ಇದ್ದೇ ಇರುತ್ತಿತ್ತು. ಯಾವ ಭಂಡಾರದ ಯಾವ ಕಟ್ಟು, ಎಷ್ಟನೆಯ ಗರಿ, ಅಲ್ಲಿ ಕಂಡ ಪಾಠ ಯಾವುದು ಎಂಬುದನ್ನು ಒಂದೊಂದು ಚೀಟಿಯಲ್ಲಿ ಬರೆದು ಅಕಾರಾದಿಯಾಗಿ ಜೋಡಿಸಿಡುವುದು ಹಿರಿಯರು ನಮಗೆ ಕಲಿಸಿಕೊಟ್ಟ ಪದ್ಧತಿ. ಆ ಪೆಟ್ಟಿಗೆಯ ಸ್ಥಾನಕ್ಕೆ ಈಗ ಗಣಕಯಂತ್ರದ ತಂತ್ರಾಂಶಗಳು ಬಂದಿವೆ. 1985ರಲ್ಲಿ ರೂಪುಗೊಂಡ ಬಿಬ್‌ಟೆಕ್, ಮಾರಾಟಕ್ಕೆ ಬಂದ ಎಂಡ್‌ನೋಟ್, 2013ರಲ್ಲಿ ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯ ವಶಕ್ಕೆ ಹೋದ ಮೆಂಡಲಿ ಇವೆಲ್ಲ ಈ ವರ್ಗದವು. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಿಂದ ಹೊರಬಂದ ಝೊಟೆರೊ ಎಂಬುದು ಉಚಿತವೂ ಮುಕ್ತ ಆಕರದ್ದೂ ಆಗಿರುವುದರಿಂದ ನಮ್ಮ ಕಿರಿಯ ಸಂಶೋಧಕರಲ್ಲಿ ಅದರ ಬಳಕೆಯನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ಆದುದರಿಂದ ಪ್ರಕೃತ ಪರಾಮರ್ಶೆಯನ್ನು ಅದಕ್ಕೇ ಸೀಮಿತಗೊಳಿಸಿದ್ದೇನೆ.

ಅದರ ಗುಣಗಳನ್ನು ಮೊದಲು ಒಪ್ಪಬೇಕು. ಒಂದೇ ಚೀಟಿಯನ್ನು ಗ್ರಂಥಕರ್ತೃವಿನ ಹೆಸರಿನಲ್ಲಿಯೂ ಭಂಡಾರದ ಹೆಸರಿನಲ್ಲಿಯೂ ವಿಷಯದ ಹೆಸರಿನಲ್ಲಿಯೂ ಇಡಬೇಕಾದರೆ ಹಿಂದೆ ಮೂರು ಬಾರಿ ನಕಲು ಮಾಡಬೇಕಾಗಿತ್ತು. ಇಲ್ಲಿ ಒಂದೇ ನಮೂದನ್ನು ಎಷ್ಟು ಸಂಗ್ರಹಗಳಲ್ಲಾದರೂ ತೋರಿಸಬಹುದು, ಪ್ರತಿಮಾಡುವ ಅಗತ್ಯವಿಲ್ಲ. ಮೂಲ, ವೃತ್ತಿ, ಟೀಕೆಗಳನ್ನು ಪರಸ್ಪರ ಸಂಬಂಧ ಕಲ್ಪಿಸಿ ಜೋಡಿಸಿಡಬಹುದು. ನಮೂದನ್ನು ತಿದ್ದಿದರೆ ಬರೆಯುತ್ತಿರುವ ಪ್ರಬಂಧದ ಅಡಿಟಿಪ್ಪಣಿಗಳನ್ನೂ ಅದಕ್ಕನುಗುಣವಾಗಿ ಪರಿಷ್ಕರಿಸಿಕೊಳ್ಳಬಹುದು. ಉಲ್ಲೇಖಪದ್ಧತಿಗಳಂತೂ ಹತ್ತು ಸಾವಿರಕ್ಕೂ ಮಿಕ್ಕಿ ಸಿದ್ಧವಾಗಿವೆ. ಅಷ್ಟೊಂದು ಪದ್ಧತಿಗಳು ಲೋಕಕ್ಕೆ ಏಕೆ ಬೇಕಾದವೋ ತಿಳಿಯದು.

ದೋಷ ಕಾಣಿಸಿಕೊಳ್ಳುವುದು ಹಸ್ತಪ್ರತಿಗಳ ವಿಷಯಕ್ಕೆ ಬಂದಾಗ. ಈ ಸಾಧನವನ್ನು ರೂಪಿಸಿದವರ ಕಣ್ಣೆದುರಿಗೆ ಇದ್ದುದು ಮುದ್ರಿತ ಗ್ರಂಥ. ಮುದ್ರಿತ ಗ್ರಂಥದ ಒಂದು ಆವೃತ್ತಿಯ ಸಾವಿರ ಪ್ರತಿಗಳೂ ಒಂದೇ. ಅವುಗಳಲ್ಲಿ ಎರಡನ್ನು ಬೇರೆ ಬೇರೆಯಾಗಿ ನಮೂದಿಸುವುದು ಪ್ರಮಾದವೇ ಸರಿ. ಆದುದರಿಂದ ಝೊಟೆರೊ ಪುನರಾವೃತ್ತ ನಮೂದುಗಳನ್ನು ತಾನೇ ಹುಡುಕಿ ತೋರಿಸುತ್ತದೆ. ಶೀರ್ಷಿಕೆ ಒಂದೇ ಆಗಿದ್ದು, ಕರ್ತೃವಿನ ಹೆಸರು ಹೊಂದಿಕೊಂಡು, ಕಾಲದಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿನ ಅಂತರ ಕಾಣದಿದ್ದರೆ ಎರಡನ್ನೂ ಸೇರಿಸಿಬಿಡುವಂತೆ ಸೂಚಿಸುತ್ತದೆ. ಈಗ ಜಿನಸೇನಾಚಾರ್ಯರ ಆದಿಪುರಾಣದ ಎರಡು ಓಲೆಪ್ರತಿಗಳನ್ನು ಭಾವಿಸಿ. ಎರಡರಲ್ಲಿಯೂ ಲಿಪಿಕಾಲವಿಲ್ಲ, ಕರ್ತೃ ಒಬ್ಬನೇ, ಶೀರ್ಷಿಕೆ ಒಂದೇ. ತಂತ್ರಾಂಶದ ದೃಷ್ಟಿಯಲ್ಲಿ ಅವು ಒಂದೇ ವಸ್ತು. ಸಂಪಾದಕನ ದೃಷ್ಟಿಯಲ್ಲಾದರೋ ಅವು ಇಬ್ಬರು ಸಾಕ್ಷಿಗಳು, ಮತ್ತು ಅವನ ಕಾರ್ಯವೆಲ್ಲ ಆ ಇಬ್ಬರ ಮಾತಿನಲ್ಲಿರುವ ವ್ಯತ್ಯಾಸದ ಮೇಲೆಯೇ ನಿಂತಿದೆ. ಸೇರಿಸಿದಾಗ ಟಿಪ್ಪಣಿಗಳೂ ಚಿತ್ರಗಳೂ ಉಳಿದುಕೊಳ್ಳುತ್ತವೆ, ನಿಜ. ಆದರೆ ಎರಡು ಪ್ರತಿಗಳ ಟಿಪ್ಪಣಿಗಳು ಒಂದೇ ನಮೂದಿನ ಕೆಳಗೆ ಬೀಳುತ್ತವೆ. ಎರಡನೆಯದರ ಭಂಡಾರಸಂಖ್ಯೆ ಕಸದ ಬುಟ್ಟಿಯನ್ನು ಸೇರುತ್ತದೆ. ನಾನೇ ಒಮ್ಮೆ ಅವಸರದಲ್ಲಿ ಹೀಗೆ ಎರಡು ಪ್ರತಿಗಳನ್ನು ಕೂಡಿಸಿಬಿಟ್ಟು, ಯಾವ ಪಾಠ ಯಾವುದರದೆಂದು ಬೇರ್ಪಡಿಸಲು ಛಾಯಾಚಿತ್ರಗಳಲ್ಲಿನ ಲಿಪಿಕಾರನ ಕೈಬರಹವನ್ನು ಗರಿಗರಿಯಾಗಿ ಹೋಲಿಸಬೇಕಾಯಿತು.

ಇದು ಕೇವಲ ಅನುಕೂಲತೆಯ ಪ್ರಶ್ನೆಯೆಂದು ಯಾರಾದರೂ ಭಾವಿಸಿದಲ್ಲಿ ಷಟ್ಖಂಡಾಗಮದ ಸಂಪಾದನೆಯ ಇತಿಹಾಸವನ್ನು ನೆನಪಿಗೆ ತಂದುಕೊಳ್ಳಬೇಕು. ಮೂಡುಬಿದಿರೆಯ ಸಿದ್ಧಾಂತ ಬಸದಿಯ ತಾಳೆಯೋಲೆಗಳು ಮೂಲ. ಅವುಗಳಿಂದ ಇಳಿಸಿದ ಪ್ರತಿ, ಆ ಪ್ರತಿಯ ಪ್ರತಿ, ಹೀಗೆ ಹರಿದುಬಂದ ಪರಂಪರೆಯ ನಕಲುಗಳು ಅಮರಾವತಿ, ಆರಾ, ಕಾರಂಜಾಗಳನ್ನು ಸೇರಿದವು. ಡಾ. ಹೀರಾಲಾಲ ಜೈನರು 1939ರಲ್ಲಿ ಧವಲಾ ಟೀಕಾಸಮೇತವಾದ ಪ್ರಥಮ ಸಂಪುಟವನ್ನು ಪ್ರಕಟಿಸಿದಾಗ ಅವರ ಆಧಾರವಾಗಿದ್ದುದು ಈ ನಕಲುಗಳೇ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದವಿರಬೇಕೆಂದು ಅರ್ಥಸಂಗತಿಯಿಂದ ಊಹಿಸಿ ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ನಕಲುಗಳಲ್ಲಿ ಆ ಪದವಿರಲಿಲ್ಲ. ಮುಂದೆ ಮೂಡುಬಿದಿರೆಯ ಓಲೆಗಳನ್ನು ಪರೀಕ್ಷಿಸಿದಾಗ ಅಲ್ಲಿ ಆ ಪದ ದೊರೆಯಿತು. ಮನುಷ್ಯಿನಿಯ ಗುಣಸ್ಥಾನಗಳನ್ನು ಕುರಿತ ಆ ಸೂತ್ರದ ಅರ್ಥ, ದ್ರವ್ಯವೇದ ಭಾವವೇದಗಳ ವಿಚಾರ, ಅದರಿಂದ ಪಂಡಿತವರ್ಗದಲ್ಲಿ ಎದ್ದ ವಿವಾದ ಇವೆಲ್ಲ ಈ ಪತ್ರಿಕೆಯ ವಾಚಕರಿಗೆ ಸುವಿದಿತವೇ ಆಗಿವೆ. ಒಂದು ಪದಕ್ಕಾಗಿ ನಡೆದ ಆ ಚರ್ಚೆಯೆಲ್ಲ ಅವಲಂಬಿಸಿದ್ದುದು ಯಾವ ಪಾಠ ಯಾವ ಪ್ರತಿಯದು ಎಂಬ ಸ್ಪಷ್ಟತೆಯ ಮೇಲೆ. ‘ಷಟ್ಖಂಡಾಗಮ, ಹಸ್ತಪ್ರತಿ’ ಎಂಬ ಒಂದೇ ನಮೂದಿನಿಂದ ಉಲ್ಲೇಖವನ್ನು ಎತ್ತಿ ಹಾಕಿದ್ದಲ್ಲಿ ಯಾವ ಪಕ್ಷದವರಿಗೂ ನಿಲ್ಲಲು ನೆಲವಿರುತ್ತಿರಲಿಲ್ಲ. ತಾನು ಕಣ್ಣಾರೆ ಕಂಡುದು ನಾಗರೀ ನಕಲನ್ನು, ಉಲ್ಲೇಖಿಸುವುದು ಮೂಡುಬಿದಿರೆಯ ಓಲೆಯನ್ನು ಎಂಬ ದುರಭ್ಯಾಸ ಹಿಂದೆಯೂ ಇತ್ತು. ಗುಂಡಿಯೊತ್ತಿದರೆ ಅಡಿಟಿಪ್ಪಣಿ ಒದಗುವ ಇಂದು ಅದು ಇನ್ನಷ್ಟು ಸುಲಭವಾಗಿದೆ.

ಹೆಸರುಗಳ ವಿಷಯದಲ್ಲಿ ಈ ಸಾಧನ ಕೆಲವೊಮ್ಮೆ ನಗೆಯನ್ನೂ ತರಿಸುತ್ತದೆ. ಕರ್ತೃನಾಮವನ್ನು ಕುಲನಾಮ ಮತ್ತು ಪೂರ್ವನಾಮ ಎಂದು ಎರಡಾಗಿ ಸೀಳುವುದು ಅದರ ಸಹಜಕ್ರಮ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳನ್ನು ಹಾಗೆ ಸೀಳಿದರೆ ‘ಸಿದ್ಧಾಂತಚಕ್ರವರ್ತಿ’ ಎಂಬುದು ಮನೆತನದ ಹೆಸರಾಗಿ, ಅದೇ ಬಿರುದಿನ ಇತರ ಮುನಿಗಳೆಲ್ಲ ಅವರ ದಾಯಾದಿಗಳಾಗುತ್ತಾರೆ! ಒಂದೇ ಅಂಕಣದಲ್ಲಿ ಹೆಸರನ್ನು ಬರೆಯುವ ಸೌಕರ್ಯ ಇದೆ. ನಮ್ಮವರು ಅದನ್ನೇ ಬಳಸಬೇಕು. ಇದಕ್ಕಿಂತ ಗಹನವಾದುದು ಸಮಾನನಾಮರ ಸಮಸ್ಯೆ. ಗೊಮ್ಮಟಸಾರಕ್ಕೆ ಕೇಶವಣ್ಣನು 1359ರಲ್ಲಿ ಕನ್ನಡದಲ್ಲಿ ರಚಿಸಿದ ವೃತ್ತಿಯ ಹೆಸರು ಜೀವತತ್ತ್ವಪ್ರದೀಪಿಕೆ. ಅದನ್ನು ಅನುಸರಿಸಿ ಹುಟ್ಟಿದ ಸಂಸ್ಕೃತ ಟೀಕೆಯ ಹೆಸರೂ ಅದೇ. ಈ ಸಂಸ್ಕೃತ ಟೀಕೆ ಕೇಶವಣ್ಣನದೆಂದು ಬಹುಕಾಲ ನಂಬಲಾಗಿತ್ತು. ಅದು ಬೇರೊಬ್ಬ ನೇಮಿಚಂದ್ರನ ಕೃತಿಯೆಂದು ಡಾ. ಆ. ನೇ. ಉಪಾಧ್ಯೆಯವರು ಸಿದ್ಧಪಡಿಸಿದರು. ಅಂದರೆ ಮೂಲಕಾರನೂ ಟೀಕಾಕಾರನೂ ನೇಮಿಚಂದ್ರರು. ಎರಡು ಟೀಕೆಗಳ ಹೆಸರೂ ಒಂದು. ಉಪಾಧ್ಯೆಯವರು ಶ್ರಮಪಟ್ಟು ಬಿಡಿಸಿದ ಈ ಗಂಟನ್ನು ಅಜಾಗರೂಕವಾದ ನಮೂದು ಕ್ಷಣಮಾತ್ರದಲ್ಲಿ ಮತ್ತೆ ಬಿಗಿಯಬಲ್ಲದು.

ಹಸ್ತಪ್ರತಿಯೆಂಬ ವರ್ಗವೊಂದನ್ನು ತಂತ್ರಾಂಶದಲ್ಲಿ ಕಲ್ಪಿಸಲಾಗಿದೆಯಾದರೂ ಅಲ್ಲಿ ವ್ಯಕ್ತಿಗಳಿಗೆ ದೊರೆಯುವ ಪಾತ್ರಗಳು ಕರ್ತೃ, ಸಹಾಯಕ, ಅನುವಾದಕ ಎಂಬ ಮೂರೇ. ಲಿಪಿಕಾರನಿಗೆ ಸ್ಥಾನವಿಲ್ಲ. ಬರೆಯಿಸಿದ ದಾನಿಗೂ, ಪ್ರತಿಯನ್ನು ಸ್ವೀಕರಿಸಿದ ಗುರುವಿಗೂ ಸ್ಥಾನವಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ‘ಸಹಾಯಕ’ರ ಸಾಲಿನಲ್ಲಿ ಕೂರಿಸಬೇಕಾಗುತ್ತದೆ. ಶಾಸ್ತ್ರದಾನದಿಂದಲೇ ಉಳಿದುಬಂದ ವಾಙ್ಮಯಕ್ಕೆ ಈ ಕೊರತೆ ಅಲ್ಪವಾದುದಲ್ಲ. ‘ಇತರ’ ಎಂಬ ಅಂಕಣದಲ್ಲಿ ಅಂತ್ಯಪ್ರಶಸ್ತಿಯ ವಿವರಗಳನ್ನು ಸೇರಿಸಿ ನಾವು ತೃಪ್ತರಾಗಬೇಕಾಗಿದೆ.

ಕಾಲನಿರ್ದೇಶದಲ್ಲಿಯೂ ಎಚ್ಚರಿಕೆ ಅವಶ್ಯ. ಪ್ರಶಸ್ತಿಯಲ್ಲಿರುವಂತೆ ‘ಶಕ 1489 ಪ್ರಭವ’ ಎಂದು ಕಾಲದ ಅಂಕಣದಲ್ಲಿ ಬರೆದರೆ ತಂತ್ರಾಂಶವು 1489ನ್ನು ಕ್ರಿಸ್ತವರ್ಷವೆಂದೇ ಗ್ರಹಿಸಿ ಆ ಪ್ರತಿಯನ್ನು 78 ವರ್ಷ ಹಿಂದಕ್ಕೆ ತಳ್ಳುತ್ತದೆ. ವೀರನಿರ್ವಾಣ ಸಂವತ್ಸರವನ್ನು ಹಾಕಿದವರ ಗ್ರಂಥಗಳು 527 ವರ್ಷ ಮುಂದಕ್ಕೆ ಜಿಗಿಯುತ್ತವೆ. 1567 ಎಂದು ಅಂಕಣದಲ್ಲಿ ಬರೆದು, ಶಕವರ್ಷ, ಸಂವತ್ಸರ, ಮಾಸ, ತಿಥಿಗಳನ್ನು ಪ್ರಶಸ್ತಿಯಲ್ಲಿರುವಂತೆಯೇ ಬೇರೆಡೆ ಇಟ್ಟುಕೊಳ್ಳುವುದು ಕ್ಷೇಮ.

ಛಾಯಾಚಿತ್ರಗಳ ಬಗೆಗೆ ಒಂದೆರಡು ಮಾತು ಸಾಕು. ಸಂಸ್ಥೆಯ ದೂರಭಂಡಾರದಲ್ಲಿ ಉಚಿತವಾಗಿ ದೊರೆಯುವ ಸ್ಥಳ 300 ಮೆಗಾಬೈಟ್. ಇನ್ನೂರು ಗರಿಗಳ ಕಟ್ಟೊಂದರ ಎರಡು ಮುಖಗಳನ್ನು ಐದೈದು ಮೆಗಾಬೈಟಿನ ಚಿತ್ರಗಳಾಗಿ ತೆಗೆದರೆ ಎರಡು ಸಾವಿರ ಮೆಗಾಬೈಟು ಆಗುತ್ತದೆ. ಚಿತ್ರಗಳನ್ನು ಸ್ವಂತ ಗಣಕದಲ್ಲಿಟ್ಟು ಅವುಗಳ ದಾರಿಯನ್ನು ಮಾತ್ರ ನಮೂದಿಗೆ ಜೋಡಿಸಬಹುದು.

ಹಾಗಿರಲು ಈ ಸಾಧನವನ್ನು ತ್ಯಜಿಸಬೇಕೆ? ಹಾಗೆಂದು ನಾನು ಹೇಳಲಾರೆ. ನನ್ನ ಚೀಟಿಗಳಲ್ಲಿ ಗೆದ್ದಲು ತಿಂದುವೆಷ್ಟೋ. ಆದರೆ ಗ್ರಂಥಕ್ಕೆ ಒಂದು ನಮೂದು ಎಂಬ ಅದರ ನಿಯಮವನ್ನು ಬಿಟ್ಟು ಪ್ರತಿಗೆ ಒಂದು ನಮೂದು ಎಂಬುದನ್ನು ನಾವು ಹಿಡಿಯಬೇಕು. ಪ್ರತಿಯ ಸಂಕೇತಾಕ್ಷರವನ್ನು ಶೀರ್ಷಿಕೆಯಲ್ಲಿಯೇ ಸೇರಿಸಿದರೆ ಎರಡು ಪ್ರತಿಗಳು ಪುನರಾವೃತ್ತಿಯೆಂಬ ಭ್ರಮೆಗೆ ಎಡೆಯಾಗುವುದಿಲ್ಲ. ಭಂಡಾರಸಂಖ್ಯೆಯನ್ನು ಬರೆಯುವಾಗ ಅದು ಯಾವ ಸೂಚಿಯ ಸಂಖ್ಯೆಯೆಂಬುದನ್ನೂ ಬರೆಯಬೇಕು. ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಪ್ರತಿಗಳಿಗೆ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಷ್ಟು ಹಿಂದೆಯೇ ಪ್ರಕಟವಾಗಿದೆ. ಕಟ್ಟುಗಳಿಗೆ ಹೊಸ ಸಂಖ್ಯೆ ಹಾಕಿ ಹಳೆಯದನ್ನು ಅಳಿಸಿದ ಭಂಡಾರವೊಂದರಲ್ಲಿ ಬರಿಯ ಸಂಖ್ಯೆಯನ್ನು ನಂಬಿ ಹೋದ ನಾನು ಮೂರು ದಿನ ಹುಡುಕಿ ಬರಿಗೈಯಲ್ಲಿ ಹಿಂದಿರುಗಿದ್ದೇನೆ. ಮುಂದೊಮ್ಮೆ ಸೂಚಿಯ ಹೆಸರು, ಗರಿಗಳ ಎಣಿಕೆ ಮತ್ತು ಆದಿವಾಕ್ಯ ಈ ಮೂರನ್ನು ಬರೆದುಕೊಂಡು ಹೋದಾಗ ಅದೇ ಕಟ್ಟು ಅರ್ಧ ಗಳಿಗೆಯಲ್ಲಿ ಕೈಗೆ ಬಂದಿತು.