ಚಿನ್ನದ ಕೆಳಗೆ ಕೆಮ್ಮಣ್ಣು

ಬೆಳ್ಳಿ ಬಣ್ಣದ ಕೆಳಗೆ ಕಪ್ಪೋ ಬೂದಿಯೋ ಎಂಬ ವ್ಯಾಜ್ಯವನ್ನು ಈ ವಾರ ತೀರಿಸುತ್ತೇನೆಂದು ಮಾತು ಕೊಟ್ಟಿದ್ದೆ. ತೀರಿಸಿಬಿಡೋಣ. ಉಕ್ಕಿನ ಕತ್ತಿಗೆ ಕಪ್ಪು, ಅಲ್ಯೂಮಿನಿಯಂ ಪಾತ್ರೆಯ ಬೆಳಕು ಬೇಕಾದರೆ ತಿಳಿಬೂದಿ, ಕನ್ನಡಿಯಂಥ ಕ್ರೋಮ್ ಬೇಕಾದರೆ ಮುಖ ಕಾಣುವಷ್ಟು ನುಣುಪಾದ ಹೊಳಪುಗಪ್ಪು. ಬಿಳಿಯ ಮೇಲೆ ಬೆಳ್ಳಿ ಬಳಿಯುವವರ ಜತೆ ನನಗೆ ಮಾತಿಲ್ಲ. ವ್ಯಾಜ್ಯ ಮುಗಿಯಿತು. ಸದ್ಯ ನನ್ನ ಮೇಜಿನ ಮೇಲಿರುವುದು ಚಿನ್ನ, ತಲೆಯಲ್ಲಿರುವುದೂ ಅದೇ.

ಈ ದಸರೆಯ ಗೊಂಬೆ ಸಾಲಿಗೆ ಜಂಬೂ ಸವಾರಿ ಕೂರಿಸುವ ಆಸೆ. ಆನೆ ಚನ್ನಪಟ್ಟಣದ್ದು, ಅರಗು ಹಚ್ಚದ ಬರಿಯ ಆಲೆಮರ. ಅಂಬಾರಿ ಮಾತ್ರ ಉಯ್ಯಂಬಳ್ಳಿಯ ನಮ್ಮ ಜಗಲಿಯಲ್ಲಿ ಕೂತು ನಾನೇ ಕೆತ್ತಿದ್ದು, ಹೆಬ್ಬೆರಳಿನಷ್ಟಿದೆ. ಮೈಸೂರಿನ ಅಂಬಾರಿ 750 ಕಿಲೋ. ನನ್ನದು ಎರಡು ಕಡಲೆಕಾಯಿ ತೂಗೀತು. ಎರಡರ ಒಳಗೂ ಮರವೇ. ಆದರೆ ಅಲ್ಲಿ ಹೊದಿಸಿರುವುದು ಚಿನ್ನದ ತಗಡು, ಅದಕ್ಕೆ ಕೆಳಗಿನ ಬಣ್ಣದ ಹಂಗಿಲ್ಲ. ನಮ್ಮ ಡಬ್ಬಿಯ ಚಿನ್ನಕ್ಕೆ ಆ ಹಂಗು ತಪ್ಪಿದ್ದಲ್ಲ. ಅದರೊಳಗಿರುವುದು ತಾಮ್ರ-ಸತುವಿನ ಪುಡಿ, ಇಲ್ಲವೇ ಬಣ್ಣ ಹೊದ್ದ ಅಭ್ರಕದ ಚೂರು. ಎಷ್ಟೇ ಒತ್ತಾಗಿ ಬಳಿದರೂ ಚೂರುಗಳ ಸಂದಿಯಿಂದ ತಳದ ಬಣ್ಣ ಇಣುಕುತ್ತದೆ.

ಹೋದ ವರ್ಷ ನಾನೂ ಕಪ್ಪು ಪಂಥದವರ ಮಾತು ಕೇಳಿ ಕೆಟ್ಟೆ. ಯಾವ ಲೋಹವೇ ಆಗಲಿ, ಮೊದಲು ಕಪ್ಪು ಬಳಿ ಎನ್ನುವುದು ಅವರ ಒಂದೇ ಮಂತ್ರ. ನಾಲ್ಕು ಕೋಟ್ ಚಿನ್ನ ಕುಡಿದರೂ ಆ ವರ್ಷದ ಅಂಬಾರಿ ಒಲೆಯ ಮೇಲಿಟ್ಟು ಮರೆತ ಹಿತ್ತಾಳೆ ತಪ್ಪಲೆಯ ಹಾಗೇ ಕಂಡಿತು. ಮನೆಯಲ್ಲಿ ಅದನ್ನು ಹುಣಸೇಹಣ್ಣು ಹಾಕಿ ಉಜ್ಜಬೇಕೇ ಎಂದು ಕೇಳಿದರು.

ಉತ್ತರ ನಮ್ಮ ಬೀದಿಯ ಗೇಟುಗಳಲ್ಲೇ ಇತ್ತು. ಗೇಟಿನ ಭರ್ಜಿ ತುದಿಗಳಿಗೆ ಗೋಲ್ಡ್ ಬಳಿಯುತ್ತಾರಲ್ಲ, ಅದನ್ನು ಹತ್ತಿರ ಹೋಗಿ ನೋಡಿ. ಇಡೀ ಗೇಟಿಗೆ ಕಪ್ಪು ಬಳಿದು ಆಮೇಲೆ ತುದಿಗೆ ಚಿನ್ನ ಮುಟ್ಟಿಸಿದ ಕಡೆ ಅದು ಹಸಿರುಗಟ್ಟಿ ಮಂಕಾಗಿರುತ್ತದೆ. ಪೇಂಟರ್ ಅವಸರದಲ್ಲಿ ತುದಿಯ ರೆಡ್ ಆಕ್ಸೈಡನ್ನು ಹಾಗೇ ಬಿಟ್ಟು ಅದರ ಮೇಲೇ ಚಿನ್ನ ಎಳೆದ ಕಡೆ, ಬೆಳಗಿನ ಬಿಸಿಲಿಗೆ ಹೊಸ ಬೆಲ್ಲದ ಬಣ್ಣ. ಅವನ ಸೋಮಾರಿತನವೇ ನನಗೆ ಗುರು.

ಇಟಲಿಯ ಚೆನ್ನೀನಿ 1400ರ ಸುಮಾರಿಗೆ ಬರೆದ ಕೈಪಿಡಿಯಲ್ಲಿ ಚಿನ್ನದ ಹಾಳೆಯ ಕೆಳಗೆ ಕೆಂಪು ಜೇಡಿ ಬಳಿಯಲು ಹೇಳುತ್ತಾನೆ. ತೆಳುವಾದ ಚಿನ್ನದ ಹಾಳೆಯನ್ನು ಬೆಳಕಿಗೆ ಹಿಡಿದರೆ ಆಚೆಯಿಂದ ಹಸಿರು ಕಾಣುತ್ತದೆ. ಆ ಹಸಿರಿಗೆ ಕೆಂಪೇ ಮದ್ದು. ನಮ್ಮ ಮೈಸೂರು ಶೈಲಿಯ ಚಿತ್ರಗಾರರು ಒಡವೆಗಳನ್ನು ಉಬ್ಬಿಸುವ ಮಕ್ಕಿ ಸಫೇದವೂ ಹಳದಿ ಬೆರೆತದ್ದು. ಇಬ್ಬರೂ ಕಪ್ಪಿನ ತಂಟೆಗೆ ಹೋಗಲಿಲ್ಲ. ಜಪಾನಿನವರು ಕಪ್ಪು ಅರಗಿನ ಮೇಲೆ ಚಿನ್ನ ಉದುರಿಸುತ್ತಾರಲ್ಲ ಎಂದು ಕಪ್ಪು ಪಂಥದವರು ಎಗರುತ್ತಾರೆ. ಸರಿ, ಪೆಟ್ಟಿಗೆ ಕಪ್ಪು. ಆದರೆ ಚಿನ್ನದ ಪುಡಿ ಅಂಟಿಸಲು ಮೊದಲು ಚಿತ್ರ ಬರೆಯುವ ಅರಗಿಗೆ ಅವರು ಬೆರೆಸುವುದು ಕಬ್ಬಿಣದ ಕೆಂಪು, ಅಂದರೆ ನಮ್ಮ ರೆಡ್ ಆಕ್ಸೈಡೇ.

ಅಷ್ಟು ದೂರ ಯಾಕೆ, ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಚಿನ್ನದ ಬಣ್ಣ ಮಾಡುವುದನ್ನು ಹೇಳಿದ್ದಾನೆ. ಎಮ್ಮೆ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಬೇಯಿಸಿ, ಕಡ್ಡಿ ಮಾಡಿ ಒಣಗಿಸಿಟ್ಟರೆ ಅದು ವಜ್ರಲೇಪ. ಚಿನ್ನವನ್ನು ಕಲ್ಲಿನ ಮೇಲೆ ನೀರು ಹಾಕಿ ಅರೆಯಬೇಕು, ಕೊಳೆ ನೀರು ಚೆಲ್ಲಬೇಕು, ಮತ್ತೆ ಮತ್ತೆ ತೊಳೆಯಬೇಕು. ಆಮೇಲೆ ವಜ್ರಲೇಪದಲ್ಲಿ ಕಲಸಿ ಬರೆದು, ಒಣಗಿದ ಮೇಲೆ ಹಂದಿಯ ಕೋರೆಯಿಂದ ನಿಧಾನವಾಗಿ ಉಜ್ಜಬೇಕು, ಕಾಂತಿ ಏಳುವತನಕ. ಈ ಭಾಗ ಓದಿದಾಗಲೆಲ್ಲ ನನಗೆ ಬಣ್ಣದ ಜಗಳವೇ ಸಣ್ಣದೆನ್ನಿಸುತ್ತದೆ. ರಾಜ ಹಿಡಿದದ್ದು ಬೇರು: ನುಣುಪು. ಚನ್ನಪಟ್ಟಣದವರು ತಿರುಗುವ ಅರಗಿನ ಮೇಲೆ ತಾಳೆಗರಿ ಒತ್ತಿ ಹಿಡಿಯುವುದೂ ಅದಕ್ಕೇ. ತಳ ತರಿತರಿಯಾಗಿದ್ದರೆ ಚೂರುಗಳು ಅಡ್ಡಾದಿಡ್ಡಿ ನಿಲ್ಲುತ್ತವೆ, ಬೆಳಕು ಚದುರುತ್ತದೆ, ಕಪ್ಪಾದರೇನು, ಕೆಂಪಾದರೇನು?

ಕಾಡುಹಂದಿಗೆ ನಮ್ಮ ಕಡೆ ಬರವಿಲ್ಲ, ಆದರೆ ಕೋರೆ ಕೇಳುವ ಧೈರ್ಯ ನನಗಿಲ್ಲ. ಸ್ಟೀಲ್ ಚಮಚದ ಬೆನ್ನಿನಲ್ಲಿ ಕೆಲಸ ಸಾಗಿಸಿದೆ. ಉಜ್ಜಿದ್ದು ಚಿನ್ನವನ್ನಲ್ಲ, ಅದರ ಕೆಳಗಿನ ರೆಡ್ ಆಕ್ಸೈಡನ್ನು: ಮರಕ್ಕೆ ಸೀಲರ್, 400ರ ಉಪ್ಪುಕಾಗದ, ತೆಳ್ಳಗೆ ರೆಡ್ ಆಕ್ಸೈಡ್, ಒಂದು ಹಗಲು ಒಂದು ರಾತ್ರಿ ಒಣಗಲು ಬಿಟ್ಟು 800ರ ಕಾಗದ, ಆಮೇಲೆ ಚಮಚ. ಚಿನ್ನ ಎರಡೇ ಕೋಟ್‌ಗೆ ಮುಗಿಯಿತು. ಹೋದ ವರ್ಷದ್ದು ಪಕ್ಕದಲ್ಲಿದೆ, ಮುಖ ಆಚೆ ತಿರುಗಿಸಿಟ್ಟಿದ್ದೇನೆ.

ನಂಬದವರು ಒಂದು ಐಸ್‌ಕ್ಯಾಂಡಿ ಕಡ್ಡಿ ತೆಗೆದುಕೊಳ್ಳಿ. ಅರ್ಧಕ್ಕೆ ಕಪ್ಪು, ಅರ್ಧಕ್ಕೆ ರೆಡ್ ಆಕ್ಸೈಡ್ ಬಳಿದು, ಎರಡರ ಮೇಲೂ ಒಂದೇ ಎಳೆತದಲ್ಲಿ ಚಿನ್ನ ಎಳೆಯಿರಿ. ಹಗಲಿನ ಬೆಳಕಿಗೆ ಹಿಡಿದು ನೋಡಿ. ಟ್ಯೂಬ್‌ಲೈಟಿನ ಕೆಳಗೆ ನೋಡಿ ನನಗೆ ಪತ್ರ ಬರೆಯಬೇಡಿ.