ಸಾಕ್ಷ್ಯಚಿತ್ರವೂ ಸಾಕ್ಷ್ಯವೂ

ನ್ಯಾಯಾಸನವು ಕೊಟ್ಟ ತೀರ್ಪನ್ನು ಕಲೆಯು ಮರಳಿ ವಿಚಾರಿಸಬಹುದೆ ಎಂಬ ಪ್ರಶ್ನೆಯು ಬೆಳಗಾವಿ ಸೀಮೆಯವರಿಗೆ ಹೊಸತಲ್ಲ. ಖಾನಾಪುರ ತಾಲೂಕಿನ ನಂದಗಡದಲ್ಲಿ ಕುಂಪಣಿ ಸರಕಾರವು 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿತು. ಆ ತೀರ್ಪನ್ನು ಲಾವಣಿಕಾರರು ತಲೆಕೆಳಗು ಮಾಡಿ ಹಾಡಿದರು. ದೂರಿದವರೇ ತೀರ್ಪುಗಾರರೂ ಆಗಿದ್ದಲ್ಲಿ ಜನಕ್ಕೆ ಹಾಡಲ್ಲದೆ ಬೇರೆ ಮೇಲ್ಮನವಿಯೆಲ್ಲಿಯದು? ಆದರೆ ಲಾವಣಿಯು ತಾನು ಸಾಕ್ಷಿಯೆಂದು ಹೇಳಿಕೊಳ್ಳಲಿಲ್ಲ. ಪಕ್ಷ ವಹಿಸಿದುದನ್ನು ಮರೆಮಾಡಲೂ ಇಲ್ಲ. ಇಂದಿನ ಅಪರಾಧಕಥನದ ಚಿತ್ರಗಳನ್ನಾದರೋ ನಾವು 'ಸಾಕ್ಷ್ಯಚಿತ್ರ'ಗಳೆಂದು ಕರೆಯುತ್ತೇವೆ. ಆ ಹೆಸರಿನ ಭಾರವನ್ನು ಅವು ಹೊರಬಲ್ಲವೆ ಎಂಬುದೇ ಪ್ರಕೃತ ವಿಚಾರ.

2023ರ ಏಪ್ರಿಲಿನಲ್ಲಿ ಹೊರಬಂದ, ಪ್ಯಾಟ್ರಿಕ್ ಗ್ರಹಾಂ ನಿರ್ದೇಶಿಸಿದ 'ಡ್ಯಾನ್ಸಿಂಗ್ ಆನ್ ದ ಗ್ರೇವ್' ಎಂಬ ನಾಲ್ಕು ಭಾಗಗಳ ಚಿತ್ರವನ್ನು ನೋಡೋಣ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರಾ ಖಲೀಲಿಯವರು 1991ರಲ್ಲಿ ಬೆಂಗಳೂರಿನಲ್ಲಿ ಕಣ್ಮರೆಯಾದರು. 1994ರ ಮಾರ್ಚಿಯಲ್ಲಿ ರಿಚ್‌ಮಂಡ್ ರಸ್ತೆಯ ಅವರ ಮನೆಯ ಅಂಗಳದಲ್ಲಿ, ಹೂತಿಟ್ಟ ಪೆಟ್ಟಿಗೆಯೊಳಗೆ ಅವರ ಅಸ್ಥಿಪಂಜರವು ದೊರೆಯಿತು. ಎರಡನೆಯ ಪತಿಯಾದ ಸ್ವಾಮಿ ಶ್ರದ್ಧಾನಂದನಿಗೆ 2005ರಲ್ಲಿ ಮರಣದಂಡನೆಯಾಯಿತು. ಉಚ್ಚ ನ್ಯಾಯಾಲಯವು ಅದೇ ವರ್ಷ ಅದನ್ನು ಸ್ಥಿರಪಡಿಸಿತು. ಚಿತ್ರದ ಉತ್ತರಾರ್ಧದಲ್ಲಿ ಈ ಅಪರಾಧಿಯೇ ಕಾಣಿಸಿಕೊಂಡು ತಾನು ಕೊಂದವನಲ್ಲವೆನ್ನುತ್ತಾನೆ.

ಆತನ ಮಾತನ್ನು ಕೇಳಿಸಿದುದು ದೋಷವಲ್ಲ. ಆದರೆ ಸಂದರ್ಶನವು ಪಾಟೀಸವಾಲಲ್ಲ. ನ್ಯಾಯಾಲಯದಲ್ಲಿ ಒಂದು ಮಾತು ನಿಲ್ಲಬೇಕಾದರೆ ಎದುರುಪಕ್ಷದ ಪ್ರಶ್ನೆಯನ್ನು ದಾಟಿ ನಿಲ್ಲಬೇಕು. ಚಿತ್ರದಲ್ಲಿ ಅದನ್ನು ನಿಲ್ಲಿಸಲು ಮುಖದ ಸಮೀಪದೃಶ್ಯವೂ ಹಿನ್ನೆಲೆಯ ವಾದ್ಯವೂ ಸಾಕಾಗುತ್ತವೆ. ಈ ಮೊಕದ್ದಮೆಯಲ್ಲಿ ಕೊಲೆಯನ್ನು ಕಣ್ಣಾರೆ ಕಂಡವರಿಲ್ಲ. ಇರುವುದೆಲ್ಲ ಸಾಂದರ್ಭಿಕ ಸಾಕ್ಷ್ಯ. ಆದುದರಿಂದ ಪ್ರೇಕ್ಷಕನಲ್ಲಿ ಸಂದೇಹವನ್ನು ಬಿತ್ತುವುದು ಸುಲಭ. ಆದರೆ ಇಂತಹ ಸಾಕ್ಷ್ಯವನ್ನು ಕೊಂಡಿಕೊಂಡಿಯಾಗಿ ಪರೀಕ್ಷಿಸಬೇಕು. ಮರಣಕ್ಕೆ ಮೊದಲೇ ಪೆಟ್ಟಿಗೆಯನ್ನು ಮಾಡಿಸಿದುದು, ಹೊಂಡವನ್ನು ತೋಡಿಸಿದುದು, ಆಕೆ ಎಲ್ಲಿರುವಳೆಂದು ಕೇಳಿದವರಿಗೆ ಬಗೆಬಗೆಯ ಉತ್ತರ ಕೊಟ್ಟುದು, ಹೂತ ಸ್ಥಳವನ್ನು ತಾನೇ ತೋರಿಸಿದುದು: ನ್ಯಾಯಾಲಯಗಳು ಒಪ್ಪಿದ ಈ ಸಂಗತಿಗಳಿಗೆ ಸಮಾಧಾನ ಹೇಳದ ನಿರಾಕರಣೆಯು ಎಷ್ಟು ಮನಮುಟ್ಟುವಂತಿದ್ದರೂ ಬರಿಯ ನಿರಾಕರಣೆಯೇ, ಸಂದೇಹಕ್ಕೆ ಅದು ಆಧಾರವಾಗಲಾರದು.

ಹಾಗಾದರೆ ಇಲ್ಲಿ ಪ್ರಶ್ನಿಸತಕ್ಕುದೇನೂ ಇಲ್ಲವೆ? ಇದೆ, ಅದನ್ನು ನ್ಯಾಯಮೂರ್ತಿಗಳೇ ಎತ್ತಿದರು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರೂ ಅಪರಾಧವನ್ನು ಒಪ್ಪಿದರು. ದಂಡನೆಯಲ್ಲಿ ಮಾತ್ರ ಭಿನ್ನರಾದರು. ಕಾಟ್ಜು ಅವರು ಗಲ್ಲೆಂದರು, ಸಿನ್ಹಾ ಅವರು ಜೀವಾವಧಿಯೆಂದರು. 2008ರಲ್ಲಿ ಮೂವರ ಪೀಠವು ಮರಣದಂಡನೆಯನ್ನು ತೆಗೆದು, ಜೀವವಿರುವ ವರೆಗೂ ಬಿಡುಗಡೆಯಿಲ್ಲದ ಸೆರೆಯನ್ನು ವಿಧಿಸಿತು. ಸೆರೆಯ ಬಗೆಯೂ ಪ್ರಶ್ನಾರ್ಹವೇ. ಬಿ. ಎ. ಉಮೇಶನೆಂಬ ಇನ್ನೊಬ್ಬ ಅಪರಾಧಿಯನ್ನು ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ದೀರ್ಘಕಾಲ ಒಂಟಿಯಾಗಿಟ್ಟುದು ಕಾನೂನಿಗೆ ವಿರುದ್ಧವೆಂದು ಅದೇ ನ್ಯಾಯಾಲಯವು 2022ರಲ್ಲಿ ಎಣಿಸಿ, ಆತನ ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಸೆರೆಗೆ ಇಳಿಸಿತು. ಆತನ ಅಪರಾಧವು ಅಲ್ಲಿ ಸಡಿಲವಾಗಲಿಲ್ಲ. ಆದರೂ ರಾಜ್ಯದ ತಪ್ಪು ತಪ್ಪೆಂದೇ ನಿಂತಿತು.

ಕೊಂದನೆ ಎಂಬುದೊಂದು, ದಂಡನೆ ತಕ್ಕುದೆ ಎಂಬುದಿನ್ನೊಂದು. ಈ ಎರಡನ್ನು ಬೇರ್ಪಡಿಸಿ ತೋರಿಸುವ ಚಿತ್ರವು ನ್ಯಾಯವಾಗಿ ಪ್ರಶ್ನಿಸಿದಂತೆ. ಬೆರಸಿ ಕಡೆಗೆ ಬೆರಗನ್ನು ಹುಟ್ಟಿಸುವುದು ಕತೆ ಹೇಳಿದಂತೆ. ನಿರಪರಾಧಿಗೆ ಶಿಕ್ಷೆಯಾಗಿರುವಲ್ಲಿ ಇಂತಹ ಚಿತ್ರವೇ ಕಡೆಯ ಆಸರೆಯಾಗಬಹುದು. ಆ ಕಾರಣದಿಂದಲೇ ಅದು ಹುಸಿಸಂದೇಹವನ್ನು ವೆಚ್ಚಮಾಡಿ ತನ್ನ ನಂಬಿಕೆಯನ್ನು ಕಳೆದುಕೊಳ್ಳಬಾರದು. ಈ ಎರಡನೆಯ ವಿಚಾರಣೆಯಲ್ಲಿ ಅಪರಾಧಿಗೆ ಮಾತಿದೆ, ವಕೀಲನಿದ್ದಾನೆ. ಸತ್ತವಳ ಪರವಾಗಿರುವುದು ಕಡತದೊಳಗಿನ ಸಾಕ್ಷ್ಯವೊಂದೇ; ಅದನ್ನು ಬಿಟ್ಟ ಚಿತ್ರಕ್ಕೆ 'ಸಾಕ್ಷ್ಯ'ವೆಂಬ ಪೂರ್ವಪದವು ಸಲ್ಲದು.