ಮೀಡರ ವರದಿ ಮತ್ತು ಮಾರಿಷಸ್ಸಿನ ತೆರಿಗೆ ವಿನಾಯಿತಿ: ಒಂದು ವಿಮರ್ಶೆ

ಅರ್ಥಶಾಸ್ತ್ರಜ್ಞರಾದ ಜೇಮ್ಸ್ ಮೀಡರು ಮಾರಿಷಸ್ ದ್ವೀಪವನ್ನು ಕುರಿತು ಸಿದ್ಧಪಡಿಸಿದ ವರದಿ 1961ರಲ್ಲಿ ಪ್ರಕಟವಾಯಿತು. ಕಬ್ಬೊಂದನ್ನೇ ನಂಬಿದ ನಾಡು, ವೇಗವಾಗಿ ಏರುತ್ತಿದ್ದ ಜನಸಂಖ್ಯೆ, ಕೆಲಸವಿಲ್ಲದ ಕೈಗಳು: ಇವನ್ನು ಕಂಡು ಅವರು ದ್ವೀಪದ ಭವಿಷ್ಯದ ವಿಷಯದಲ್ಲಿ ನಿರಾಶರಾದರು. ಮುಂದೆ ಆ ದ್ವೀಪವು ಏಳಿಗೆ ಹೊಂದಿತು. ಇದರಿಂದ ನಮ್ಮ ಬೋಧಕವರ್ಗದಲ್ಲಿ ಸುಲಭವಾದ ಕಥೆಯೊಂದು ರೂಢಿಗೆ ಬಂದಿದೆ: ಪಂಡಿತರ ಭವಿಷ್ಯವಾಣಿ ಸೋತಿತು, 1970ರ ತೆರಿಗೆ ವಿನಾಯಿತಿಯ ಕಾಯಿದೆ ಗೆದ್ದಿತು. ಈ ಕಥೆಯನ್ನು ನಾನೂ ಕೆಲವು ವರ್ಷ ತರಗತಿಯಲ್ಲಿ ಹೇಳಿದವನೇ. ಈಗ ಅದು ಒಪ್ಪತಕ್ಕದ್ದೆಂದು ತೋರುವುದಿಲ್ಲ.

ಕಾಯಿದೆಯ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. 1968ರಲ್ಲಿ ಸ್ವತಂತ್ರವಾದ ದೇಶವು ಎರಡೇ ವರ್ಷಗಳಲ್ಲಿ ರಫ್ತು ಸಂಸ್ಕರಣ ವಲಯದ ಕಾಯಿದೆಯನ್ನು ತಂದಿತು. ಪ್ರಾಧ್ಯಾಪಕ ಎದುವಾರ್ ಲಿಮ್ ಫಾಟರು ಇದರ ಪ್ರವರ್ತಕರಲ್ಲಿ ಮುಖ್ಯರು. ಇತರ ದೇಶಗಳಲ್ಲಿ ವಲಯವೆಂದರೆ ಬೇಲಿ ಹಾಕಿದ ನೆಲ. ಇಲ್ಲಿ ಅನುಜ್ಞಾಪತ್ರವು ನೆಲಕ್ಕಲ್ಲದೆ ಉದ್ಯಮಕ್ಕೆ ಅಂಟಿಕೊಂಡಿತು. ಪತ್ರ ಪಡೆದವನು ದ್ವೀಪದ ಯಾವ ಮೂಲೆಯಲ್ಲಾದರೂ ಕಾರ್ಖಾನೆ ತೆರೆಯಬಹುದಿತ್ತು. ಯಂತ್ರಕ್ಕೂ ಕಚ್ಚಾ ಸಾಮಗ್ರಿಗೂ ಆಮದು ಸುಂಕವಿಲ್ಲ, ಲಾಭಕ್ಕೆ ಹಲವು ವರ್ಷ ತೆರಿಗೆಯಿಲ್ಲ, ಬಂಡವಾಳವನ್ನು ಹಿಂದಕ್ಕೆ ಒಯ್ಯಲು ತಡೆಯಿಲ್ಲ. ಹಳ್ಳಿಯ ಹೆಂಗಸರು ಇದ್ದಲ್ಲಿಗೆ ಕಾರ್ಖಾನೆಯೇ ಬಂದುದು ಈ ಏರ್ಪಾಡಿನ ನಿಜವಾದ ಜಾಣತನ.

ಆದರೆ ಇಂಥ ರಿಯಾಯಿತಿಗಳು ಮಾರಿಷಸ್ಸಿಗೇ ಮೀಸಲಾಗಿದ್ದವೇ? ಐರ್ಲೆಂಡಿನ ಶಾನನ್‌ನಲ್ಲಿ 1959ರಲ್ಲಿಯೂ, ನಮ್ಮ ಕಾಂಡ್ಲಾದಲ್ಲಿ 1965ರಲ್ಲಿಯೂ, ತೈವಾನಿನ ಕಾವ್‌ಶುಂಗ್‌ನಲ್ಲಿ 1966ರಲ್ಲಿಯೂ ವಲಯಗಳು ತಲೆಯೆತ್ತಿದ್ದವು. ಕಾಂಡ್ಲಾ ಇವುಗಳಂತೆ ಬೆಳೆಯಲಿಲ್ಲ. ವಿನಾಯಿತಿಯೊಂದರಿಂದಲೇ ಏಳಿಗೆಯಾಗುವುದಾದರೆ ಕಛ್ ಪ್ರಾಂತವೂ ಬೆಳಗಬೇಕಾಗಿತ್ತಲ್ಲವೆ?

ಹಾಂಗ್‌ಕಾಂಗ್‌ನ ಉಡುಪಿನ ವರ್ತಕರು ಸಾವಿರಾರು ಮೈಲಿ ಸಮುದ್ರ ದಾಟಿ ಬಂದುದಕ್ಕೆ ತೆರಿಗೆಗಿಂತ ಬಲವಾದ ಕಾರಣವಿತ್ತು. 1974ರಲ್ಲಿ ಜಾರಿಗೆ ಬಂದ ಜವಳಿ ಒಪ್ಪಂದವು ಅವರ ಸರಕಿಗೆ ಕೋಟಾ ವಿಧಿಸಿತು. ಮಾರಿಷಸ್ಸಿನಲ್ಲಿ ನೇಯ್ದ ಉಣ್ಣೆಯ ಅಂಗಿಗಾದರೋ 1975ರ ಲೋಮೆ ಒಪ್ಪಂದದ ಬಲದಿಂದ ಯೂರೋಪಿನ ಬಾಗಿಲು ಸುಂಕವಿಲ್ಲದೆ ತೆರೆದಿತ್ತು. ಆ ವರ್ತಕರು ಕೊಂಡದ್ದು ತೆರಿಗೆಯ ರಜೆಯನ್ನಲ್ಲ, ಪರವಾನಗಿಯ ಮೇಲಿನ ದೇಶದ ಹೆಸರನ್ನು. ಇದೇ ಒಪ್ಪಂದ ಸಕ್ಕರೆಗೂ ನಿಶ್ಚಿತ ಬೆಲೆ ಕೊಟ್ಟಿತು. ಕಬ್ಬಿನ ತೋಟದೊಡೆಯರ ಲಾಭದಲ್ಲಿ ಒಂದಂಶ ಕಾರ್ಖಾನೆಗಳಿಗೆ ಹರಿಯಿತು. ಕಾಯಿದೆಯನ್ನು ಹೊಗಳುವವರು ಈ ಸ್ಥಳೀಯ ಹಣವನ್ನು ಏಕೋ ಮರೆಯುತ್ತಾರೆ.

ಇನ್ನು ಮೀಡರ ಮಾತು. ಕೂಲಿಯನ್ನು ಹದ್ದಿನಲ್ಲಿಟ್ಟು, ಹೆಚ್ಚು ಜನರಿಗೆ ಕೆಲಸ ಕೊಡುವ ಕೈಗಾರಿಕೆಗಳನ್ನು ಬೆಳೆಸಬೇಕೆಂಬುದು ಅವರ ಸಲಹೆಯಾಗಿತ್ತು. ಅದು ತಿರಸ್ಕೃತವಾಯಿತೆನ್ನುವುದು ತಪ್ಪು. ವಲಯದಲ್ಲಿ ಹೆಚ್ಚಿನ ಅವಧಿಯ ದುಡಿಮೆಗೂ ಸುಲಭವಾಗಿ ಕೆಲಸದಿಂದ ತೆಗೆಯುವುದಕ್ಕೂ ಕಾನೂನು ಅವಕಾಶ ಕೊಟ್ಟಿತು. ಬಹುಪಾಲು ಸ್ತ್ರೀಯರೇ ಆಗಿದ್ದ ಕಾರ್ಮಿಕರಿಗೆ ನಿಗದಿಯಾದ ಕನಿಷ್ಠ ಕೂಲಿ ಗಂಡಸರದಕ್ಕಿಂತ ಕಡಿಮೆಯಿತ್ತು. 1980ರ ದಶಕದ ಕೊನೆಗೆ ಸುಮಾರು 90 ಸಾವಿರ ಮಂದಿ ಅಲ್ಲಿ ದುಡಿಯುತ್ತಿದ್ದರು. ಮೀಡರು ಇಡೀ ಸಮಾಜಕ್ಕೆ ಹೇಳಿದ ಮಿತವನ್ನು ಸರ್ಕಾರ ಹೆಂಗಸರ ಹೆಗಲಿಗೆ ಹೊರಿಸಿತು ಎಂದರೆ ಅತಿಶಯೋಕ್ತಿಯಾಗಲಾರದು. ಆ ಕೂಲಿಯೂ ಅವರಿಗೆ ಹೊಸ ಸ್ವಾತಂತ್ರ್ಯವನ್ನು ತಂದಿತೆಂಬುದು ನಿಜವೇ. ಆದರೆ ಕಥೆಯಲ್ಲಿ ಅವರ ಹೆಸರೇ ಬಾರದಿರುವುದು ನ್ಯಾಯವಲ್ಲ.

2005ರ ಜನವರಿ 1ರಂದು ಜವಳಿಯ ಕೋಟಾ ಪದ್ಧತಿ ಕೊನೆಗೊಂಡಿತು. ರಿಯಾಯಿತಿಗಳು ಆಗಲೂ ಇದ್ದವು. ಹಾಂಗ್‌ಕಾಂಗ್‌ನ ಹಲವು ಉದ್ಯಮಗಳು ಮಾತ್ರ ಬಾಗಿಲು ಮುಚ್ಚಿ ಹೊರಟುಹೋದವು.